ವಸ್ತ್ರದ ಜಾಹೀರಾತಿನಲ್ಲಿ ರೂಪಕವೂ ಭ್ರಾಂತಿಯೂ

ಅಲಂಕಾರಶಾಸ್ತ್ರವು ಕಾವ್ಯಕ್ಕೆ ಮಾತ್ರ ಸಂಬಂಧಿಸಿದ್ದು, ಪೇಟೆಯ ವ್ಯವಹಾರದಲ್ಲಿ ಅದಕ್ಕೆ ಕೆಲಸವಿಲ್ಲವೆಂದು ಅನೇಕರು ತಿಳಿದಿರುವರು. ಈ ತಿಳಿವಳಿಕೆಯು ಸರಿಯಾದುದಲ್ಲ. ಬಾಳೆಹೊಸೂರಿನಿಂದ ಮದುವೆಯ ಜವಳಿಯನ್ನು ತೆಗೆಯುವದಕ್ಕೆಂದು ಲಕ್ಷ್ಮೇಶ್ವರಕ್ಕಾಗಲಿ ಗದಗಕ್ಕಾಗಲಿ ಹೊರಟ ಮನೆಯವರು ಅಂಗಡಿಯ ಮೆಟ್ಟಿಲನ್ನು ಹತ್ತುವ ಮೊದಲೇ ಅಂಗಡಿಯವನ ಅಲಂಕಾರಗಳು ಅವರ ಮನಸ್ಸನ್ನು ಹೊಕ್ಕಿರುವವು. ರಸ್ತೆಯ ಬದಿಯ ಫಲಕದಲ್ಲಿ, ವರ್ತಮಾನಪತ್ರದ ಮೊದಲ ಪುಟದಲ್ಲಿ, ಕೈಯೊಳಗಿನ ಮೊಬೈಲಿನಲ್ಲಿ ಒಬ್ಬಳೇ ಸ್ತ್ರೀಯು ಅದೇ ಸೀರೆಯನ್ನುಟ್ಟು ನಗುತ್ತಿರುವಳು. ಆ ಚಿತ್ರವು ಏನನ್ನು ಹೇಳುವದು, ಹೇಗೆ ಹೇಳುವದು ಎಂಬದು ವಿಮರ್ಶೆಗೆ ಯೋಗ್ಯವಾದ ವಿಷಯವೇ ಸರಿ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲೊಂದು. 9ನೆಯ ಶತಮಾನದ ಆ ಗ್ರಂಥವು ಧ್ವನಿಯನ್ನೂ ಒಂದು ಅಲಂಕಾರವೆಂದು ಎಣಿಸಿರುವದು. ಆದುದರಿಂದ ಈ ಸೀಮೆಯವರು ಜಾಹೀರಾತನ್ನು ಧ್ವನಿಯ ಕೋಲಿನಿಂದ ಅಳೆದರೆ ಅದು ಎರವಲು ತಂದ ಅಳತೆಯೆನಿಸದು.

ಮದುವೆಯ ಕಾಲದ ಜಾಹೀರಾತಿನ ಸಾಮಾನ್ಯ ಸ್ವರೂಪವು ಹೀಗಿರುವದು: ಕೆತ್ತನೆಯ ಕಂಬ, ಹಿತ್ತಾಳೆಯ ದೀಪ, ಮಲ್ಲಿಗೆಯ ಮಾಲೆ, ನಡುವೆ ಆಭರಣಗಳಿಂದ ತುಂಬಿದ ವಧು, ಹಿಂದೆ ಮಸುಕಾಗಿ ತೋರುವ ಹಿರಿಯರ ನಗುಮುಖಗಳು. ಕ್ಯಾಮರಾವು ತುಸು ಕೆಳಗಿನಿಂದ ನೋಡುವದರಿಂದ ಆಕೆಯು ಗುಡಿಯ ಮೂರ್ತಿಯಂತೆ ಎತ್ತರವಾಗಿ ಕಾಣುವಳು. ವಾಚ್ಯಾರ್ಥವು ಇಷ್ಟೇ: ಇಲ್ಲಿ ಸೀರೆಗಳು ದೊರೆಯುವವು. ವ್ಯಂಗ್ಯಾರ್ಥಗಳಾದರೋ ಮೂರು: ಇದನ್ನುಟ್ಟ ಮಗಳು ಹೀಗೆ ಕಾಣುವಳು, ಇಂಥ ಮನೆಯನ್ನು ಸೇರುವಳು, ಇದನ್ನು ಕೊಡಿಸದ ತಂದೆಯು ಮಗಳಿಗೆ ಏನನ್ನೋ ಕಡಿಮೆ ಮಾಡಿದವನು. ಈ ಮೂರನೆಯದನ್ನು ಬಾಯಿಬಿಟ್ಟು ಹೇಳಿದರೆ ಯಾವ ಗೃಹಸ್ಥನೂ ಆ ಅಂಗಡಿಗೆ ಕಾಲಿಡಲಾರನು. ಹೇಳದೆ ಸೂಚಿಸಿದ್ದರಿಂದಲೇ ಅವನು ಸಾಲ ಮಾಡಿಯಾದರೂ ಬರುವನು.

ಈ ಕಲೆಯು ಇತ್ತಿತ್ತಲಾಗಿ ಹುಟ್ಟಿದುದಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ಮೇಲೆ, ಸೀರೆಯುಟ್ಟ ಲಕ್ಷ್ಮೀಸರಸ್ವತಿಯರು ಅಚ್ಚಿನ ಪಟಗಳಾಗಿ ಮನೆಮನೆಯ ಗೋಡೆಯನ್ನು ಸೇರಿದರು. ವ್ಯಾಪಾರಿಗಳು ಅಂಥ ಪಟಗಳನ್ನು ತಮ್ಮ ಕ್ಯಾಲೆಂಡರುಗಳಲ್ಲಿ ಅಚ್ಚು ಹಾಕಿಸಿ, ಪಟಕ್ಕೆ ಸಲ್ಲುವ ಗೌರವದಲ್ಲಿ ಸರಕಿಗೂ ಒಂದು ಪಾಲನ್ನು ದೊರಕಿಸಿದರು. ಮುಂದೆ ದೇವಿಯ ಸ್ಥಾನಕ್ಕೆ ನಟಿಯು ಬಂದಳು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸರು 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರತಾರೆಯೆನಿಸಿದರು. ಚೆಲುವು ಆಕೆಗೆ ಹುಟ್ಟಿನಿಂದ ಬಂದುದು. ಸಾಬೂನು ಅಂಗಡಿಯಿಂದ ಬಂದುದು. ಆದರೂ ಚಿತ್ರವು ಇವೆರಡನ್ನೂ ಕಾರ್ಯಕಾರಣಗಳಂತೆ ಒಟ್ಟಿಗೆ ನಿಲ್ಲಿಸಿತು. ಇಂದಿನ ವಸ್ತ್ರದ ಜಾಹೀರಾತು ನಡೆಯುವದೂ ಇದೇ ದಾರಿಯಿಂದ.

ಕವಿಯೂ ಅತಿಶಯೋಕ್ತಿಯನ್ನು ಮಾಡುವನಲ್ಲವೆ, ವ್ಯಾಪಾರಿಗೆ ಮಾತ್ರ ದೋಷವೇಕೆ ಎಂದು ಕೇಳುವವರುಂಟು. ಇದಕ್ಕೆ ಉತ್ತರವು ಶಾಸ್ತ್ರದಲ್ಲಿಯೇ ಇರುವದು. ರೂಪಕದಲ್ಲಿಯ ಅಭೇದಜ್ಞಾನವು ಆಹಾರ್ಯವಾದುದು; ಅಂದರೆ, ಮುಖವು ಚಂದ್ರನಲ್ಲವೆಂದು ತಿಳಿದಿದ್ದೂ ಬೇಕೆಂದೇ ಮಾಡಿಕೊಂಡ ಜ್ಞಾನ. ಮುಖಚಂದ್ರವೆಂದು ಓದಿದ ಯಾವ ರಸಿಕನೂ ದೀಪವನ್ನಾರಿಸಿ ಆ ಮುಖದ ಬೆಳಕಿನಲ್ಲಿ ಪುಸ್ತಕವನ್ನೋದಲು ಕೂಡ್ರುವದಿಲ್ಲ. ಹಗ್ಗವನ್ನು ಹಾವೆಂದು ಕಂಡವನಿಗಾದರೋ ಈ ಎಚ್ಚರವಿಲ್ಲ, ಅದು ಭ್ರಾಂತಿ. ನಾಟ್ಯದಲ್ಲಿಯ ವೇಷಭೂಷಣಗಳಿಗೂ ಆಹಾರ್ಯವೆಂದೇ ಹೆಸರು. ರಾಜನ ಕಿರೀಟವು ಬೇಗಡೆಯದೆಂದು ಪ್ರೇಕ್ಷಕನು ಬಲ್ಲನು. ಜಾಹೀರಾತು ರೂಪಕವನ್ನು ಕಟ್ಟಿ ಭ್ರಾಂತಿಯನ್ನು ಮಾರುವದು. ಅದಕ್ಕೆ ಸಾಧನವು ಛಾಯಾಚಿತ್ರ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1964ರಲ್ಲಿ ಪಾಂಜಾನಿ ಎಂಬ ಕಂಪನಿಯ ಆಹಾರಪದಾರ್ಥಗಳ ಜಾಹೀರಾತೊಂದನ್ನು ಪರೀಕ್ಷಿಸಿ, ಜಾಳಿಗೆಯ ಚೀಲದಿಂದ ಹೊರಬಿದ್ದ ತರಕಾರಿಗಳೂ ಅವುಗಳ ಬಣ್ಣಗಳೂ ಇಟಲಿತನವನ್ನು ಸೂಚಿಸುವವೆಂದೂ, ಛಾಯಾಚಿತ್ರವು ಇದ್ದುದನ್ನು ಇದ್ದಂತೆ ತೋರುವದೆಂಬ ನಂಬಿಕೆಯೇ ಆ ಸೂಚನೆಯನ್ನು ಸಹಜವೆನಿಸುವದೆಂದೂ ತೋರಿಸಿಕೊಟ್ಟನು. ಸೀರೆಯ ಚಿತ್ರಕ್ಕೂ ಈ ಮಾತು ಸಲ್ಲುವದು. ನಿರಿಗೆಗಳನ್ನು ಹಿಡಿದಿಟ್ಟ ಪಿನ್ನುಗಳೂ ಬಣ್ಣವನ್ನು ತಿದ್ದಿದ ಗಣಕಯಂತ್ರವೂ ಅದರಲ್ಲಿ ಕಾಣುವದಿಲ್ಲ.

ಈ ಭ್ರಾಂತಿಯ ಬೆಲೆಯನ್ನು ತೆರುವವರಲ್ಲಿ ಕಪ್ಪು ಬಣ್ಣದ ಹುಡುಗಿಯು ಮೊದಲನೆಯವಳು. 1975ರಲ್ಲಿ ಪೇಟೆಗೆ ಬಂದ ಫೇರ್ ಆ್ಯಂಡ್ ಲವ್ಲಿ ಎಂಬ ಲೇಪವು ಬಿಳುಪೇ ಚೆಲುವೆಂಬದನ್ನು ಹೆಸರಿನಲ್ಲಿಯೇ ಹೊತ್ತಿತ್ತು. ಕಪ್ಪು ಮೈಬಣ್ಣದವರನ್ನು ಕೀಳಾಗಿ ತೋರಿಸಕೂಡದೆಂದು ಭಾರತದ ಜಾಹೀರಾತು ಮಾನದಂಡ ಮಂಡಲಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಲೇಪದ ಹೆಸರೂ ಬದಲಾಯಿತು. ಆದರೆ ನಿಯಮವು ತೋರಿಸಿದುದನ್ನು ಹಿಡಿಯಬಲ್ಲದು, ತೋರಿಸದೆ ಬಿಟ್ಟುದನ್ನು ಹಿಡಿಯಲಾರದು. ಎರೆಹೊಲದಲ್ಲಿ ದುಡಿಯುವ ಹೆಣ್ಣಿನ ಮೈಬಣ್ಣವು ವಧುವಿನ ಚಿತ್ರಗಳಲ್ಲಿ ಇಂದಿಗೂ ಅಪರೂಪ. ಈ ಮೌನಕ್ಕೂ ಒಂದು ಧ್ವನಿಯುಂಟು. ಹುಡುಗಿಯರು ಅದನ್ನು ಬೇಗನೆ ಗ್ರಹಿಸುವರು.

ಎರಡನೆಯ ನಷ್ಟವು ನೇಕಾರನದು. ಇಲಕಲ್ಲ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕೊಂಡಿಗಳಿಂದ ಒಂದೊಂದಾಗಿ ಕೂಡಿಸುವ ಕೌಶಲವಿದೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆಗಳೆಂಬ ನಾಲ್ಕು ಹೊಲಿಗೆಗಳಿವೆ. ಇವೆಲ್ಲ ವಸ್ತ್ರದ ನಿಜವಾದ ಗುಣಗಳು. ಚಿತ್ರದಲ್ಲಿ ಮುಖವೇ ಮುಖ್ಯವಾದಾಗ ಇವುಗಳಿಗೆ ಸ್ಥಳವೆಲ್ಲಿ? 2004ರಲ್ಲಿ ಬಂದ ಸಿಲ್ಕ್ ಮಾರ್ಕ್, 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಗುರುತುಗಳು ಬರಿಯ ಅಭಿಧೆಯಿಂದಲೇ ಮಾತಾಡುವವು: ಇದು ಶುದ್ಧ ರೇಷ್ಮೆ, ಇದು ಕೈಮಗ್ಗದ್ದು. ಅವುಗಳಲ್ಲಿ ರಸವಿಲ್ಲ, ಆದರೆ ಪರೀಕ್ಷೆಗೆ ನಿಲ್ಲುವ ಅರ್ಥವಿದೆ.

ಜಾಹೀರಾತಿನ ಚಿತ್ರವನ್ನು ನೋಡಬಾರದೆಂದು ಹೇಳುವದು ವ್ಯರ್ಥ. ಅದನ್ನು ರೂಪಕವೆಂದರಿತು ನೋಡಿ ಸಂತೋಷಪಡುವದರಲ್ಲಿ ಹಾನಿಯೂ ಇಲ್ಲ. ಸೀರೆಯನ್ನು ಕೊಳ್ಳುವಾಗ ಮಾತ್ರ ಅದನ್ನು ಬಾಗಿಲಿಗೆ ತಂದು, ಹಗಲಿನ ಬೆಳಕಿನಲ್ಲಿ ಬಿಚ್ಚಿ, ನೂಲನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಶಾಲೆಗಳಲ್ಲಿ ಅಲಂಕಾರಗಳ ಲಕ್ಷಣವನ್ನು ಬಾಯಿಪಾಠ ಮಾಡಿಸುವವರು ಒಂದು ದಿನ ಮಕ್ಕಳ ಮುಂದೆ ಇಂಥ ಚಿತ್ರವೊಂದನ್ನಿಟ್ಟು, ವಾಚ್ಯವೇನು, ವ್ಯಂಗ್ಯವೇನು ಎಂದು ಕೇಳುವದು ಲೇಸು.