ಮೇಣದ ಕಾಲು, ಹೊಸ ಭತ್ತ

ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟುಹಬ್ಬ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಮುಂಬಯಿಯಲ್ಲಿ ಅದಕ್ಕೆ ಹೊಂದಿಕೊಂಡೇ ಒಂದು ವಾರ ಬಾಂದ್ರಾ ಜಾತ್ರೆ. ಒಬ್ಬಳೇ ತಾಯಿ, ಆಚರಣೆ ಎರಡು. ಊರು ಬಿಟ್ಟು ಬಂದ ಕರಾವಳಿಯ ಕ್ರೈಸ್ತರು ಇಲ್ಲಿ ಎರಡನ್ನೂ ಬಿಡದೆ ನಡೆಸುತ್ತಾರೆ. ಇದರಲ್ಲಿ ನಂಬಿಕೆ ಎಷ್ಟು, ಬರೀ ರೂಢಿ ಎಷ್ಟು ಅಂತ ಒಮ್ಮೆ ತೂಗಿ ನೋಡಬೇಕು.

ಬಾಂದ್ರಾದ ಗುಡ್ಡದ ಮೇಲೆ ಮೌಂಟ್ ಮೇರಿ ಇಗರ್ಜಿ. ಅದರ ಹೊರಗಿನ ಅಂಗಡಿಗಳಲ್ಲಿ ಮೇಣದ ಬೊಂಬೆಗಳು ಸಿಗುತ್ತವೆ. ಕಾಲು ನೋವಿಗೆ ಮೇಣದ ಕಾಲು, ಮಕ್ಕಳಿಲ್ಲದವರಿಗೆ ಮೇಣದ ಮಗು, ಬಾಡಿಗೆ ಮನೆಯಲ್ಲಿ ಸಾಕಾದವರಿಗೆ ಮೇಣದ ಮನೆ. ಕೊಳ್ಳುವವರಲ್ಲಿ ಹಿಂದೂಗಳೂ ಬೇಕಾದಷ್ಟು ಜನ. ಮಾಹಿಮಿನ ಸೇಂಟ್ ಮೈಕೆಲ್ ಇಗರ್ಜಿಯಲ್ಲಿ 1948ರಿಂದ ನಡೆದುಬಂದ ಬುಧವಾರದ ನೊವೇನಾಕ್ಕೂ ಹಾಗೆಯೇ. ಜಾತಿ ಮತ ನೋಡದೆ ಜನ ಸೇರುತ್ತಾರೆ. ಇದನ್ನು ಕಂಡು ಮೂಢನಂಬಿಕೆ ಅಂತ ನಕ್ಕುಬಿಡುವುದು ಸುಲಭ. ನಾನು ನಗಲಾರೆ. ಕಷ್ಟ ಹೇಳಿಕೊಳ್ಳಲು ಪಕ್ಕದಲ್ಲಿ ಅಕ್ಕನೋ ಅತ್ತೆಯೋ ಇಲ್ಲದ ಪರವೂರಿನಲ್ಲಿ, ಆ ಮೇಣದ ತುಂಡೇ ಒಂದು ಅರ್ಜಿ.

ತೊಂದರೆ ಇರುವುದು ಅರ್ಜಿಯನ್ನು ವ್ಯಾಪಾರ ಮಾಡಿಕೊಂಡಾಗ. ಒಂಬತ್ತು ಬುಧವಾರ ನಾನು ಬರುತ್ತೇನೆ, ವೀಸಾ ನೀನು ಕೊಡು. ಕೆಲಸ ಆಯಿತೋ, ಲೆಕ್ಕ ಚುಕ್ತಾ. ಇಂಥ ಕರಾರಿನಲ್ಲಿ ಮೂರನೆಯವರಿಗೆ ಜಾಗವೇ ಇಲ್ಲ. ಯೇಸುವಿನ ಬೋಧನೆಯಾದರೋ ನಿಂತಿರುವುದೇ ಆ ಮೂರನೆಯವರ ಮೇಲೆ. ನಿನ್ನ ಮೇಲೆ ಸೋದರನಿಗೆ ಬೇಸರವಿದೆ ಅಂತ ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ರಾಜಿ ಮಾಡಿಕೋ, ಕಾಣಿಕೆ ಆಮೇಲೆ ಎಂಬರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಕಾಣಿಕೆಯೇ ಬೇಡ ಅನ್ನಲಿಲ್ಲ, ನೋಡಿ. ಯಾವುದು ಮೊದಲು ಅನ್ನುವುದನ್ನು ಹೇಳಿದ್ದು.

ಇನ್ನು ನಮ್ಮ ತೆನೆ. ಊರಿನ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆ ಲಕೋಟೆಯಲ್ಲಿ ಸೇರಿ ಅಂಧೇರಿಗೂ ಕುರ್ಲಾಕ್ಕೂ ಬರುತ್ತದೆ. ಸಿಪ್ಪೆ ಬಿಡಿಸಿ, ಪುಡಿ ಮಾಡಿ, ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಕೊಡಬೇಕು. ಆಮೇಲೆ ತರಕಾರಿ ಊಟ. ಒಬ್ಬೊಬ್ಬರೇ ತಿಂದು ಮುಗಿಸುವ ಹಾಗಿಲ್ಲ, ಮನೆಮಂದಿ ಕೂಡಬೇಕು. ಲೋಕಲ್ ರೈಲಿನ ವೇಳೆಗೆ ಬದುಕುವ ಊರಿನಲ್ಲಿ ಈ ಒಂದು ಕಟ್ಟಳೆಯೇ ದೊಡ್ಡದು. ಮೇಣದ ಕಾಲು ಕೇಳದ ಒಂದನ್ನು ಇದು ನಮ್ಮಿಂದ ಕೇಳುತ್ತದೆ: ಇನ್ನೊಬ್ಬರಿಗಾಗಿ ಕಾಯುವುದು.

ಹಾಗಂತ ಇದನ್ನೂ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಮನೆಮಂದಿ ಅಂದರೆ ಯಾರು? ನಮ್ಮ ಲೆಕ್ಕ ಹೊಸ್ತಿಲಿಗೇ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಬಾಯಿ ಆ ಪಂಕ್ತಿಯಲ್ಲಿ ಇರುವುದು ಅಪರೂಪ. ಮದುವೆಯ ಮಾತು ಬಂತೆಂದರೆ ಮೂಲದ ಜಾತಿ ವಿಚಾರಿಸುವ ಕ್ರೈಸ್ತ ಮನೆಗಳು ಮುಂಬಯಿಯಲ್ಲೂ ಇವೆ. ಊರು ಬಿಟ್ಟೆವು, ಗದ್ದೆ ಬಿಟ್ಟೆವು, ಎಷ್ಟೋ ಮಕ್ಕಳು ಭಾಷೆಯನ್ನೂ ಬಿಟ್ಟರು. ಇದನ್ನು ಮಾತ್ರ ಜೋಪಾನವಾಗಿ ತಂದೆವು. ತೆನೆಯ ಜೊತೆ ಇದೂ ಬಂದರೆ ಆ ಹಬ್ಬ ಮೇಣದಷ್ಟೇ ಟೊಳ್ಳು.

2020ರಲ್ಲಿ ಕೊರೋನಾ ಬಂದು ಇಗರ್ಜಿಗಳು ಮುಚ್ಚಿದವು, ಬಾಂದ್ರಾ ಜಾತ್ರೆ ನಿಂತಿತು. ಆಚರಣೆಯೇ ಇಲ್ಲದಾಗ ಉಳಿಯುವುದೇನು? ಉತ್ತರವೊಂದು ಮರುವರ್ಷ ಅದೇ ಬಾಂದ್ರಾದಲ್ಲಿ ಕಂಡಿತು. ಜೆಸ್ವಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ವರ್ಷಗಟ್ಟಲೆ ನಡೆಸಿದ ಅವರು ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದರು. 2020ರ ಅಕ್ಟೋಬರಿನಲ್ಲಿ ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಬಂಧನ. ಆರೋಪಗಳನ್ನು ಅವರು ಒಪ್ಪಲಿಲ್ಲ, ವಿಚಾರಣೆಯೂ ಮುಗಿಯಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯಲಾಗದೆ ಒಂದು ಸಿಪ್ಪರಿಗಾಗಿ ಕೋರ್ಟಿಗೆ ಅರ್ಜಿ ಹಾಕಿದ 83ರ ಮುದುಕ. ತಳೋಜಾ ಜೈಲಿನಲ್ಲಿ ಅವರಿಗೆ ಉಣ್ಣಲು, ಮೀಯಲು ನೆರವಾದವರು ಜೊತೆಯ ಕೈದಿಗಳು. ಅದನ್ನು ಅವರೇ ಪತ್ರದಲ್ಲಿ ಬರೆದಿದ್ದರು. ಅವರ ರಾಜಕೀಯವನ್ನು ನೀವು ಒಪ್ಪಿ, ಬಿಡಿ. ಆದರೆ ಇನ್ನೊಬ್ಬನ ಕೈ ನಡುಗುವಾಗ ಲೋಟ ಹಿಡಿದುಕೊಡುವುದಕ್ಕಿಂತ ದೊಡ್ಡ ಪೂಜೆ ಯಾವುದು ಅಂತ ನನಗೆ ಗೊತ್ತಿಲ್ಲ. ಅಲ್ಲಿ ಮೇಣದ ಬತ್ತಿ ಇರಲಿಲ್ಲ, ಘಂಟೆ ಇರಲಿಲ್ಲ. ಹಿಡಿದವರು ಯಾವ ಮತದವರು ಅನ್ನುವ ಪ್ರಶ್ನೆಯೂ ಹುಟ್ಟುವುದಿಲ್ಲ.

ಆಚರಣೆ ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ಪರವೂರಿನಲ್ಲಿ ಕೈಗೆ ಸಿಗುವ ಊರು ಅದೊಂದೇ. ಆದರೆ ಅದು ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೇ ನಿಲ್ಲಿಸಿತು ಅನ್ನುವ ಲೆಕ್ಕವನ್ನಾದರೂ ನಾವು ಇಡಬೇಕು. ಊರಲ್ಲಿರುವ ನಿಮ್ಮಲ್ಲಿ ಒಂದೇ ಬೇಡಿಕೆ. ಮುಂದಿನ ಮೊಂತಿ ಹಬ್ಬಕ್ಕೆ ಮುಂಬಯಿಗೆ ಲಕೋಟೆ ಕಳಿಸುವಾಗ ನಾಲ್ಕು ಕಾಳು ಹೆಚ್ಚಿಗೆ ಹಾಕಿ. ಯಾರಿಗೆ ಅಂತ ಬರೆಯಬೇಡಿ. ಅದನ್ನು ಹುಡುಕುವ ಕೆಲಸ ಇಲ್ಲಿಯವರದ್ದು.