ಮೊಟ್ಟೆಯ ಕಥೆಯಲ್ಲಿ ದಪ್ಪ ಹುಡುಗಿ

ರಾಜ್ ಬಿ. ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ನಾಯಕರಾಗಿ ನಟಿಸಿದ 'ಒಂದು ಮೊಟ್ಟೆಯ ಕಥೆ' (2017) ಚಿತ್ರವನ್ನು ನಾವು ನೋಡಿದ್ದು ತಡವಾಗಿ. ಗೋರೆಗಾಂವ್‌ನ ನಮ್ಮ ಮನೆಯಲ್ಲಿ, ಮಳೆಗಾಲದ ಒಂದು ಭಾನುವಾರ, ಅಕ್ಕಪಕ್ಕದ ಕನ್ನಡದವರೆಲ್ಲ ಸೇರಿ ನೋಡಿದೆವು. ಮಂಗಳೂರಿನ ಕನ್ನಡ ಕಿವಿಗೆ ಬಿದ್ದೊಡನೆ ಆ ಕಡೆಯವರಿಗಾದ ಸಂತೋಷ ಹೇಳತೀರದು. ನಮ್ಮ ಅಣ್ಣನ ಮಗಳೂ ಬಂದಿದ್ದಳು. ಇಪ್ಪತ್ತನಾಲ್ಕರ ವಯಸ್ಸು, ಮೈಕೈ ತುಂಬಿಕೊಂಡ ಹುಡುಗಿ. ಅಜ್ಜಿಯ ಕಾಲದಲ್ಲಿ ಈ ಮಾತು ಹೊಗಳಿಕೆಯಾಗಿತ್ತು. ಈಗ ಗಂಡಿನ ಕಡೆಯವರು ಫೋನ್ ಇಡುವ ಮುನ್ನ, 'ಹುಡುಗಿ ಸ್ವಲ್ಪ ಹೆಲ್ದಿ ಅಲ್ಲವೇ?' ಎಂದು ವಿಚಾರಿಸಿಕೊಳ್ಳುತ್ತಾರೆ.

ಕಥೆ ಓದುಗರಿಗೆ ತಿಳಿದದ್ದೇ. ಕನ್ನಡ ಉಪನ್ಯಾಸಕ ಜನಾರ್ದನ ಡಾ. ರಾಜಕುಮಾರರ ಭಕ್ತ. ತಲೆಯಲ್ಲಿ ಕೂದಲಿಲ್ಲ, ಹೆಣ್ಣು ಸಿಗುತ್ತಿಲ್ಲ. ಹಾಗೆ ನೊಂದವನೇ ದಪ್ಪ ಹುಡುಗಿಯೊಬ್ಬಳು ಎದುರಾದಾಗ ಹಿಂಜರಿಯುತ್ತಾನೆ. ನಾಯಕನನ್ನೇ ತಪ್ಪಿತಸ್ಥನನ್ನಾಗಿ ನಿಲ್ಲಿಸುವ ಧೈರ್ಯ ಎಲ್ಲ ನಿರ್ದೇಶಕರಿಗೂ ಬರುವುದಿಲ್ಲ. ಇದಕ್ಕಾಗಿ ಶೆಟ್ಟಿಯವರನ್ನು ಮನಸಾರೆ ಮೆಚ್ಚಬೇಕು.

ಆದರೆ ಆ ಹುಡುಗಿ ತೆರೆಯ ಮೇಲೆ ಬಂದೊಡನೆ ನಮ್ಮ ಕೋಣೆಯಲ್ಲಿ ನಗೆಯೆದ್ದಿತು. ನಾವೂ ನಕ್ಕೆವು. ಜನಾರ್ದನನ ತಲೆಗೂ ನಕ್ಕಿದ್ದೆವಲ್ಲ ಎನ್ನಬಹುದು. ಆ ನಗೆಯಲ್ಲಿ ಮರುಕವಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಅವನ ಸಂಕಟ ನಮ್ಮದೂ ಆಗಿತ್ತು. ಇವಳ ಮನಸ್ಸನ್ನು ಅರಿಯಲು ನಮಗಿನ್ನೂ ಪುರಸೊತ್ತೇ ಸಿಕ್ಕಿರಲಿಲ್ಲ, ಮೈ ಮಾತ್ರ ಕಂಡಿತ್ತು.

ಈ ನಗೆ ಮುಂಬಯಿಯ ಚಿತ್ರರಂಗ ದಶಕಗಟ್ಟಲೆ ಕಲಿಸಿದ್ದು. 'ದರ್ದ್' (1947) ಚಿತ್ರದಲ್ಲಿ ಹಾಡಿ ಮನೆಮಾತಾದ ಉಮಾದೇವಿ, 'ಬಾಬುಲ್' (1950) ಚಿತ್ರದಿಂದ ಟುನ್ ಟುನ್ ಆದರು. ಆಮೇಲೆ ಆಕೆ ಬಾಗಿಲಲ್ಲಿ ಬಂದು ನಿಂತರೂ ಸಾಕು, ಥಿಯೇಟರು ನಗುತ್ತಿತ್ತು. ಆ ಕಂಠ ಯಾರಿಗೆ ನೆನಪಿತ್ತು? ಹೆಸರು ಮಾತ್ರ ಬೀದಿಬೀದಿಯ ದಪ್ಪ ಹುಡುಗಿಯರಿಗೆ ಅಂಟಿಕೊಂಡಿತು. ನಾವೂ ಶಾಲೆಯಲ್ಲಿ ಒಬ್ಬಳನ್ನು ಹಾಗೆ ಕರೆದದ್ದುಂಟು.

ಮೊಟ್ಟೆಯ ಕಥೆ 2019ರಲ್ಲಿ ಹಿಂದಿಯಲ್ಲಿ 'ಉಜ್ಡಾ ಚಮನ್', ಮಲಯಾಳದಲ್ಲಿ 'ತಮಾಶಾ' ಆಯಿತು. ಹಿಂದಿಯವರು ಹುಡುಗಿಗೆ ಅಪ್ಸರಾ ಎಂದೇ ಹೆಸರಿಟ್ಟರು. ಹೆಸರಿನಲ್ಲೂ ಚೇಷ್ಟೆ! ಇವಕ್ಕಿಂತ ಮೊದಲೇ ಬಂದ ಶರತ್ ಕಟಾರಿಯಾ ಅವರ 'ದಮ್ ಲಗಾ ಕೆ ಹೈಶಾ' (2015) ನಮಗೆ ಹೆಚ್ಚು ಹಿಡಿಸಿತು. ಅಲ್ಲಿ ಗಂಡ ಗೆಳೆಯರ ಮುಂದೆ ತನ್ನನ್ನು ಹೀಯಾಳಿಸಿದ್ದನ್ನು ಕೇಳಿದ ಸಂಧ್ಯಾ ಅಳುತ್ತ ಕೂರುವುದಿಲ್ಲ. ಅವನ ಕೆನ್ನೆಗೆ ಬಾರಿಸಿ ತವರಿಗೆ ಹೊರಡುತ್ತಾಳೆ. ಅವಮಾನ ಅವಳದು, ಸಿಟ್ಟೂ ಅವಳದೇ. ನಮ್ಮ ಮೊಟ್ಟೆಯ ಕಥೆಯಲ್ಲಿ ದಪ್ಪ ಹುಡುಗಿ ಜನಾರ್ದನನಿಗೆ ಪಾಠವಾಗಿ ಬರುತ್ತಾಳೆ. ಅವನು ಪಾಠ ಕಲಿತನೇ ಇಲ್ಲವೇ ಎಂಬುದೇ ಚಿತ್ರದ ಚಿಂತೆ.

ಚಿತ್ರ ಮುಗಿದು, ಚಹಾ ಕುಡಿದು ಎಲ್ಲರೂ ಹೋದರು. ಲೋಟಗಳನ್ನು ಒಳಗೊಯ್ಯುತ್ತ ಅಣ್ಣನ ಮಗಳು ಕೇಳಿದಳು: "ಅವನಿಗೆ ಬುದ್ಧಿ ಬಂತು, ಸರಿ. ಅವನು ಬೇಡ ಅಂದ ದಿನ ಅವಳ ಮನೆಯಲ್ಲಿ ಏನಾಯ್ತು, ಚಿಕ್ಕಪ್ಪ?"

ಮರುವಾರ ಒಬ್ಬರೇ ಕುಳಿತು ಇನ್ನೊಮ್ಮೆ ನೋಡಿದೆವು. ಕ್ಯಾಮೆರಾ ಜನಾರ್ದನನ ಬೆನ್ನು ಬಿಡುವುದಿಲ್ಲ. ಆದರೆ ಅಂಥ ದಿನ ಅಣ್ಣನ ಮನೆಯಲ್ಲಿ ಏನಾಗುತ್ತದೆಂದು ನಾವು ಕಂಡಿದ್ದೇವೆ. ಬಂದವರಿಗೆಂದು ಮಾಡಿದ ಕೇಸರಿಬಾತು ಹಾಗೆಯೇ ಉಳಿದಿರುತ್ತದೆ. ಅತ್ತಿಗೆ ಅದನ್ನು ಪಕ್ಕದ ಮನೆಗೆ ಕೊಟ್ಟುಬರುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಎರಡು ಸೌಟು ಅನ್ನ ಬಡಿಸಿ, ಮಗಳ ತಟ್ಟೆಗೆ ಒಂದೇ ಸೌಟು ಹಾಕಿ ಮುಂದೆ ಹೋಗುತ್ತಾರೆ.