‘ಪರೋಕ್ಷವಿನಯ’ ಅಂದ್ರೆ ಬರೀ ನೆನಪಲ್ಲ

ನಿಸಿದಿ ಶಾಸನಗಳನ್ನು ಓದುವವರಿಗೆ ‘ಪರೋಕ್ಷವಿನಯ’ ಹೊಸ ಪದವೇನಲ್ಲ. ಶಿಷ್ಯ ಗುರುವಿಗೆ, ಮಗ ತಾಯಿಗೆ ಕಲ್ಲು ನಿಲ್ಲಿಸಿ, ಇದು ಅವರ ‘ಪರೋಕ್ಷವಿನಯ’ಕ್ಕೆ ಅಂತ ಬರೆಸುತ್ತಾರೆ. ನಾವು ‘ನೆನಪಿಗಾಗಿ’ ಎಂದು ಅರ್ಥ ಕೊಟ್ಟು ಮುಂದಿನ ಸಾಲಿಗೆ ಹೋಗುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವನು. ಈಗ ಅದು ಸರಿಯಿಲ್ಲ ಅನ್ನಿಸುತ್ತಿದೆ.

ಈ ಪದದೊಳಗೆ ನೆನಪು ಎಲ್ಲೂ ಇಲ್ಲ, ನೋಡಿ. ಪರೋಕ್ಷ ಅಂದ್ರೆ ಕಣ್ಣಿಗೆ ಕಾಣದ್ದು (‘ಪರೋಕ್ಷ ತೆರಿಗೆ’ಯ ಅರ್ಥವನ್ನು ಇಲ್ಲಿಗೆ ತರಬಾರದು). ವಿನಯ ಇಂದಿನ ನಮ್ರತೆಯಷ್ಟೇ ಅಲ್ಲ. ಜೈನರ ಆರು ಅಭ್ಯಂತರ ತಪಸ್ಸುಗಳಲ್ಲಿ ಒಂದು. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯಕ್ಕೆ ವ್ಯಾಖ್ಯಾನ ಬರೆಯುತ್ತಾ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಉಪಚಾರವಿನಯವನ್ನು ಬಿಡಿಸಿ ಹೇಳಿದ್ದಾರೆ. ಆಚಾರ್ಯರು ಬಂದರೆ ಎದ್ದು ನಿಲ್ಲಬೇಕು, ಎದುರುಗೊಳ್ಳಬೇಕು, ಕೈಮುಗಿಯಬೇಕು. ಅವರು ಎದುರಿಗೆ ಇಲ್ಲದಾಗಲೂ ಮೈ, ಮಾತು, ಮನಸ್ಸುಗಳಿಂದ ವಿನಯ ನಡೆಯಬೇಕು: ಕೈಮುಗಿಯುವುದು, ಗುಣ ಹೊಗಳುವುದು, ನೆನೆಯುವುದು. ನೆನೆಯುವುದು ಮೂರರಲ್ಲಿ ಒಂದು, ಅಷ್ಟೆ. ಅದೊಂದನ್ನು ಇಟ್ಟುಕೊಂಡು ಉಳಿದೆರಡನ್ನು ನಾವು ಕೈಬಿಟ್ಟಿದ್ದೀವಿ.

ಪೂಜ್ಯಪಾದರ ಮಾತು ದೂರದಲ್ಲಿರುವ ಗುರುವಿಗೂ ಸಲ್ಲುತ್ತದೆ. ನಿಸಿದಿಗಳಲ್ಲಿ ಅದು ತೀರಿಕೊಂಡವರಿಗೆ. ಹೀಗೆ ಓದಿದರೆ ಕಲ್ಲೇ ಬೇರೆ ಥರ ಕಾಣುತ್ತೆ. ಇತಿಹಾಸಕ್ಕೆ ಉಪಯೋಗವಿಲ್ಲ ಅಂತ ನಾವು ಹಾರಿಸಿಬಿಡುವ ಹೊಗಳಿಕೆಯ ಕಂದ, ವೃತ್ತಗಳೇ ಮಾತಿನ ವಿನಯ. ಅವು ಪೀಠಿಕೆಯಲ್ಲ, ಮಾಡಬೇಕಾದ ಕೆಲಸದ ಭಾಗ. ಮೇಲಿನ ಫಲಕದಲ್ಲಿ ಗುರುವಿನ ಮುಂದೆ ಕೈಮುಗಿದು ಕೂತ ಆಕೃತಿ ಮೈಯ ವಿನಯ. ಶ್ರವಣಬೆಳಗೊಳದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜ ಹೆಂಡತಿ ಲಕ್ಷ್ಮಿಗೆ ನಿಸಿದಿ ನಿಲ್ಲಿಸಿದಾಗ ದಾನವನ್ನೂ ಪೂಜೆಯನ್ನೂ ಮಾಡಿಸಿದ. ಸುಮ್ಮನೆ ನೆನೆಯುವುದಾಗಿದ್ದರೆ ಇಷ್ಟೆಲ್ಲ ಯಾಕೆ?

ಹೊಂಬುಜದಲ್ಲಿ ಪದ ಇನ್ನೂ ಹಿಗ್ಗಿದೆ. 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದ್ದು ಅಗಲಿದ ಬಂಧುಗಳ ಪರೋಕ್ಷವಿನಯವಾಗಿ. ಗುರುವಿಗೆ ಸಲ್ಲುತ್ತಿದ್ದದ್ದು ಇಲ್ಲಿ ಮನೆಯವರಿಗೆ ಸಂದಿದೆ. ‘ಸ್ಮರಣಾರ್ಥ’ ಅಂತ ಬರೆದರೆ ಈ ದಾಟುವಿಕೆಯೇ ಮುಚ್ಚಿಹೋಗುತ್ತೆ.

ಆ ಕಾಲಕ್ಕೆ ಇದು ಸವೆದ ರೂಢಿಮಾತಾಗಿತ್ತು ಅಂತ ಕೆಲವರು ಹೇಳಬಹುದು. ಎಷ್ಟೋ ಕಡೆ ಆಗಿದ್ದಿರಲೂಬಹುದು, ಒಪ್ಪುತ್ತೇನೆ. ಆದರೆ ಸವೆದದ್ದು ಎಲ್ಲಿ, ಸವೆಯದ್ದು ಎಲ್ಲಿ ಅಂತ ಒಂದೊಂದು ಕಲ್ಲನ್ನೂ ನೋಡಿ ಹೇಳಬೇಕು, ಪದಕೋಶದಿಂದಲ್ಲ. ಇನ್ನುಮುಂದೆ ನನ್ನ ಪಾಠಗಳಲ್ಲಿ ಪದವನ್ನು ಹಾಗೇ ಉಳಿಸಿ, ಪಕ್ಕದಲ್ಲಿ ‘ಅಗಲಿದವರಿಗೆ ಸಲ್ಲಿಸಿದ ವಿನಯ’ ಅಂತ ಬರೀತೀನಿ.